ಖೋ ಖೋ ತಂಡದ ಆಯ್ಕೆಗೆ ಮಕ್ಕಳ ಸಿದ್ಧತೆ: ಅಧ್ಯಾಪನಾಭ್ಯಾಸದ ಒಂದು ಅನುಭವ

ಹಿನ್ನೆಲೆ

ಬಿ.ಇಡಿ. ಎರಡನೇ ವರ್ಷದ ಶಾಲಾ ಇಂಟರ್ನ್‌ಶಿಪ್‌ಗಾಗಿ ನನ್ನನ್ನು ಒಂದು ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಿದ್ದರು. ನನ್ನ ಬೋಧನಾ ವಿಷಯಗಳು ವಿಜ್ಞಾನ ಮತ್ತು ಗಣಿತ. ಆ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಖಾಲಿ ಇದ್ದುದರಿಂದ ಗಣಿತದ ಮೇಷ್ಟ್ರೇ ಆಟೋಟದ ಪ್ರಭಾರ ನೋಡಿಕೊಳ್ಳುತ್ತಿದ್ದರು. ನಾನು ಸೇರಿದ ಎರಡನೇ ವಾರದಲ್ಲಿ ವಲಯ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬಂತು. ಮುಖ್ಯ ಶಿಕ್ಷಕರು ನನ್ನನ್ನು ಕರೆದು, "ಡಿಗ್ರೀಲಿ ಖೋ ಖೋ ಆಡ್ತಿದ್ರಂತಲ್ಲ ಮೇಡಂ, ಹೆಣ್ಣುಮಕ್ಕಳ ಟೀಮು ನೀವೇ ನೋಡ್ಕೊಳ್ಳಿ. ಮೂರು ವಾರ ಟೈಮಿದೆ, ಹನ್ನೆರಡು ಹೆಸರು ಕೊಡಿ" ಎಂದರು.

ಒಪ್ಪಿಕೊಂಡೆ. ಇದನ್ನು ಪಾಠವೆಂದು ಆಗ ನಾನು ಭಾವಿಸಿರಲಿಲ್ಲ. ಪಾಠ ಯೋಜನೆ ಬರೆಯುವುದು ವಿಜ್ಞಾನದ ತರಗತಿಗೆ, ಮೈದಾನದ ಕೆಲಸ ಅದರ ಹೊರಗಿನದು ಎಂದುಕೊಂಡಿದ್ದೆ. ಆ ತಿಳಿವಳಿಕೆಯಿಂದ ಮೊದಲ ವಾರದಲ್ಲಿ ಒಂದು ತಪ್ಪಾಯಿತು. ಆ ತಪ್ಪು, ಅದನ್ನು ತಿದ್ದಲು ಮಾಡಿದ ಕೆಲಸ ಮತ್ತು ತಿದ್ದಲಾಗದೆ ಉಳಿದದ್ದು, ಈ ಮೂರನ್ನೂ ಇಲ್ಲಿ ಬರೆದಿದ್ದೇನೆ. ಮಕ್ಕಳ ಹೆಸರು ಬಳಸಿಲ್ಲ. ಬಟ್ಟೆಯ ಮೇಲೆ ಬರೆದು ಬೆನ್ನಿಗೆ ಪಿನ್ ಮಾಡಿದ್ದ ನಂಬರಿನಿಂದಲೇ ಗುರುತಿಸಿದ್ದೇನೆ.

ಮೊದಲ ದಿನ: ಓಟದ ಪಂದ್ಯ

ಎಂಟು, ಒಂಬತ್ತು ಮತ್ತು ಹತ್ತನೇ ತರಗತಿಗಳಿಂದ 23 ಹುಡುಗಿಯರು ಹೆಸರು ಕೊಟ್ಟರು. ಇಷ್ಟು ಜನರಲ್ಲಿ ಹನ್ನೆರಡು ಮಂದಿಯನ್ನು ಬೇಗ ಗುರುತಿಸಿದರೆ ಉಳಿದ ದಿನಗಳನ್ನು ಅವರ ತರಬೇತಿಗೆ ಕೊಡಬಹುದು ಎನಿಸಿತು. ಮೊದಲ ದಿನವೇ 30 ಮೀಟರ್ ಓಟ ಇಟ್ಟೆ. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಸಮಯ ನೋಡಿ ಪಟ್ಟಿ ಮಾಡಿದೆ. ಮುಂದೆ ಬಂದ ಹನ್ನೆರಡು ಮಂದಿಯನ್ನು ಒಂದು ಗುಂಪು ಮಾಡಿ ಅಭ್ಯಾಸ ಶುರು ಮಾಡಿದೆ. ಉಳಿದವರು ನೋಡುತ್ತ ನಿಂತರು.

ಒಂಬತ್ತನೇ ತರಗತಿಯ 15ನೇ ನಂಬರಿನ ಹುಡುಗಿ ಓಟದಲ್ಲಿ ಕೊನೆಯಿಂದ ಮೂರನೆಯವಳು. ಕೈಬರಹ ಅಚ್ಚುಕಟ್ಟು ಎಂದು ತರಗತಿಯಲ್ಲಿ ನೋಡಿದ್ದ ನೆನಪಿನಿಂದ, "ನೀನು ಸುಣ್ಣ ಹಾಕಮ್ಮ, ಗೆರೆ ನೀಟಾಗಿ ಬರುತ್ತೆ" ಎಂದು ಅಂಕಣ ಗುರುತು ಮಾಡುವ ಕೆಲಸ ಕೊಟ್ಟೆ. ಅವಳು ಹಗ್ಗ ಹಿಡಿದು, ಮೂಲೆಯಲ್ಲಿ 3-4-5 ಅಳತೆಯ ತ್ರಿಕೋನ ಹಾಕಿ ಲಂಬ ಕೋನ ನೋಡಿಕೊಂಡು 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣವನ್ನು ಸರಿಯಾಗಿ ಎಳೆದಳು. ಗಣಿತದ ಪಾಠ ಮೈದಾನದಲ್ಲಿ ಬಳಕೆಯಾಯಿತೆಂದು ಸಂತೋಷಪಟ್ಟು ಅಂದಿನ ದಿನಚರಿಯಲ್ಲಿ ಬರೆದುಕೊಂಡೆ. ಮರುದಿನದಿಂದ ಆ ಹುಡುಗಿ ಟ್ರ್ಯಾಕ್ ಪ್ಯಾಂಟ್ ತರುವುದನ್ನು ಬಿಟ್ಟಳು. ಅದನ್ನು ನಾನು ಗಮನಿಸಲಿಲ್ಲ.

ಸಮಸ್ಯೆ ಗೊತ್ತಾದದ್ದು

ನಾಲ್ಕನೇ ದಿನ ನನ್ನ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿಯನ್ನು ಬೆನ್ನಟ್ಟಲು ಕೂರಿಸಿ, ಉಳಿದ ಮೂವರನ್ನು ಓಟಕ್ಕೆ ಬಿಟ್ಟು ಐದು ನಿಮಿಷದ ಆಟ ಆಡಿಸಿದೆ. ಔಟಾದವರ ಜಾಗಕ್ಕೆ ಹೊರಗಿದ್ದವರಿಂದ ಕರೆದುಕೊಂಡೆ. ಐದು ನಿಮಿಷದಲ್ಲಿ ಔಟಾದವರು ಮೂವರು. ಫೌಲ್‌ಗಳು ಹನ್ನೊಂದು.

ಎಲ್ಲಿ ತಪ್ಪಾಯಿತೆಂದು ತಿಳಿಯಲು ಆಟದ ನಿಯಮವನ್ನೇ ಮತ್ತೆ ನೋಡಬೇಕಾಯಿತು. ಓದುಗರಲ್ಲಿ ಖೋ ಖೋ ಆಡದವರೂ ಇರಬಹುದಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಎರಡು ಕಂಬಗಳ ನಡುವಿನ ಸಾಲಿನಲ್ಲಿ ಎಂಟು ಮಂದಿ ಚೌಕಗಳಲ್ಲಿ ಕೂರುತ್ತಾರೆ. ಅಕ್ಕಪಕ್ಕದ ಇಬ್ಬರು ಒಬ್ಬರಿಗೊಬ್ಬರು ವಿರುದ್ಧ ದಿಕ್ಕಿಗೆ ಮುಖ ಮಾಡಿರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುವವಳು. ಓಡುವವಳು ಸಾಲಿನ ನಡುವೆ ಎಲ್ಲಿ ಬೇಕಾದರೂ ನುಸುಳಿ ಆಚೆ ಬದಿಗೆ ಹೋಗಬಹುದು. ಬೆನ್ನಟ್ಟುವವಳು ಹಾಗೆ ಹೋಗುವಂತಿಲ್ಲ. ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ಓಡುವವಳು ಆಚೆ ಬದಿಗೆ ಹೋದರೆ, ಆ ಬದಿಗೆ ಮುಖ ಮಾಡಿ ಕುಳಿತವಳನ್ನು ಹಿಂದಿನಿಂದ ಮುಟ್ಟಿ, ಮುಟ್ಟುವಾಗಲೇ "ಖೋ" ಎಂದು ಕೂಗಿ, ಅವಳ ಜಾಗದಲ್ಲಿ ತಾನು ಕೂರಬೇಕು. ಮುಟ್ಟುವ ಮೊದಲು ಕೂಗಿದರೂ ಫೌಲ್, ಕೂಗುವ ಮೊದಲೇ ಕುಳಿತವಳು ಎದ್ದರೂ ಫೌಲ್. ಫೌಲ್ ಆದಾಗ ಬೆನ್ನಟ್ಟುವವಳು ಅದನ್ನು ಸರಿಪಡಿಸಿಕೊಂಡೇ ಮುಂದುವರಿಯಬೇಕು. ಅಷ್ಟರಲ್ಲಿ ಓಡುವವಳು ದೂರ ಹೋಗಿರುತ್ತಾಳೆ.

ಅಂದರೆ ಬೆನ್ನಟ್ಟುವ ಒಬ್ಬಳು ಒಂದೇ ಉಸಿರಿಗೆ 30 ಮೀಟರ್ ನೇರವಾಗಿ ಓಡುವ ಸಂದರ್ಭ ಈ ಆಟದಲ್ಲಿ ಬರುವುದೇ ಇಲ್ಲ ಎನ್ನಬೇಕು. ಕಂಬದಿಂದ ಕಂಬಕ್ಕೇ ಸುಮಾರು 24 ಮೀಟರ್. ನಾಲ್ಕಾರು ಹೆಜ್ಜೆ, ಒಂದು ತೀರ್ಮಾನ, ಒಂದು ಖೋ, ಮತ್ತೆ ಕೂರುವುದು. ಅವಳ ಕೆಲಸ ಹೆಚ್ಚಿನ ಸಲ ಇಷ್ಟೇ. ನಾನು ಅಳೆದದ್ದು ಓಟವನ್ನು, ಆಯ್ಕೆ ಮಾಡಬೇಕಿದ್ದುದು ಖೋ ಖೋ ಆಟಗಾರ್ತಿಯರನ್ನು. ಪರೀಕ್ಷೆ ಯಾವುದನ್ನು ಅಳೆಯಬೇಕೋ ಅದನ್ನೇ ಅಳೆಯಬೇಕು, ಅದೇ ಸಪ್ರಮಾಣತೆ ಎಂದು ಮೌಲ್ಯಮಾಪನದ ಪತ್ರಿಕೆಯಲ್ಲಿ ಬರೆದು ಅಂಕ ಪಡೆದವಳು ನಾನು. ಮೈದಾನಕ್ಕೆ ಬಂದಾಗ ಅದು ನೆನಪಾಗಲಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವಳು 15ನೇ ನಂಬರಿನವಳು. ಐದನೇ ದಿನ ಆಟ ನಡೆಯುತ್ತಿರುವಾಗ ಅವಳು ಸುಣ್ಣದ ಬಕೆಟ್ ಹಿಡಿದು ಗೆರೆಯ ಪಕ್ಕ ನಿಂತಿದ್ದಳು. ಪಕ್ಕದವಳಿಗೆ ಮೆಲ್ಲಗೆ, "ಮೂರನೇವ್ಳಿಗೆ ಕೊಡ್ಬೇಕಿತ್ತು... ಈಗ ಲೇಟಾಯ್ತು" ಎನ್ನುತ್ತಿದ್ದುದು ಕೇಳಿಸಿತು. ಮುಂದಿನ ಎರಡು ನಿಮಿಷ ಆಟ ನೋಡುವುದನ್ನು ಬಿಟ್ಟು ಅವಳ ಮಾತನ್ನೇ ಕೇಳಿದೆ. ಅವಳು ಹೇಳಿದಲ್ಲೆಲ್ಲ ಖೋ ಕೊಟ್ಟಿದ್ದರೆ ಆಟ ಬೇರೆಯಾಗಿರುತ್ತಿತ್ತು. ಆಮೇಲೆ ಕೇಳಿದಾಗ, ಪ್ರಾಥಮಿಕ ಶಾಲೆಯಲ್ಲಿ ಎರಡು ವರ್ಷ ಆಡಿದ್ದೆನೆಂದು ಹೇಳಿದಳು. "ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?" ಎಂದೆ. "ನೀವು ಕೇಳ್ಲಿಲ್ಲ ಮಿಸ್" ಎಂದಳು.

ಆ ಸಂಜೆ ಪ್ರಭಾರ ಮೇಷ್ಟ್ರ ಜೊತೆ ಕುಳಿತು ಮೂರು ವಿಷಯ ನಿರ್ಧರಿಸಿದೆವು. ಮೊದಲ ದಿನದ ಪಟ್ಟಿ ರದ್ದು. ಆಯ್ಕೆ ಮೂರನೇ ವಾರದ ಕೊನೆಗೆ. ಅಲ್ಲಿಯವರೆಗೆ 23 ಮಂದಿಗೂ ಒಂದೇ ಅಭ್ಯಾಸ, ಮತ್ತು ಯಾವುದಕ್ಕೆ ಎಷ್ಟು ಅಂಕ ಎಂಬುದು ಅವರಿಗೆ ಮೊದಲೇ ಗೊತ್ತಿರಬೇಕು.

ಅವಲೋಕನ ಪಟ್ಟಿ

ಐದು ಅಂಶಗಳ ಪಟ್ಟಿ ಮಾಡಿದೆವು. ಪ್ರತಿಯೊಂದಕ್ಕೆ 4 ಅಂಕ, ಒಟ್ಟು 20.

1. ಕುಳಿತ ಭಂಗಿಯಿಂದ ಎದ್ದು ಓಡುವುದು. ಎದ್ದ ಮೊದಲ ಎರಡು ಹೆಜ್ಜೆಯಲ್ಲೇ ವೇಗ ಬರುತ್ತದೆಯೇ? ಖೋ ಸಿಗುವ ಮೊದಲೇ ಏಳುತ್ತಾಳೆಯೇ?
2. ಖೋ ಕೊಡುವುದು. ಕೈ ತಾಗುವುದು ಮತ್ತು ದನಿ ಒಂದೇ ಕ್ಷಣದಲ್ಲಿ ಆಗುತ್ತದೆಯೇ? ಹಿಂದಿನಿಂದಲೇ ಕೊಡುತ್ತಾಳೆಯೇ? ದನಿ ಅಂಪೈರ್‌ಗೆ ಕೇಳಿಸುತ್ತದೆಯೇ?
3. ಕಂಬ ತಿರುಗುವುದು. ಕಂಬ ಹಿಡಿದು, ವೇಗ ಕಳೆದುಕೊಳ್ಳದೆ, ಕಾಲು ಜಾರದೆ ತಿರುಗುತ್ತಾಳೆಯೇ?
4. ತಪ್ಪಿಸಿಕೊಂಡು ಓಡುವುದು. ಕುಳಿತವರ ನಡುವೆ ಹಾವಿನಂತೆ ಸುತ್ತುವ ಚೈನ್, ಒಂದೇ ತುದಿಯಲ್ಲಿ ಸುತ್ತು ಹಾಕುವ ರಿಂಗ್, ಈ ಎರಡರಲ್ಲಿ ಒಂದಾದರೂ ಬರುತ್ತದೆಯೇ? ಎಷ್ಟು ಹೊತ್ತು ನಿಲ್ಲುತ್ತಾಳೆ?
5. ತೀರ್ಮಾನ. ಖೋ ಯಾರಿಗೆ, ಯಾವಾಗ ಕೊಡಬೇಕೆಂದು ತಾನೇ ನೋಡಿ ನಿರ್ಧರಿಸುತ್ತಾಳೆಯೇ, ಹೊರಗಿನವರು ಕೂಗಿ ಹೇಳಬೇಕೇ?

ಪ್ರತಿ ಅಂಶಕ್ಕೂ ಯಾವ ಮಟ್ಟಕ್ಕೆ ಎಷ್ಟು ಅಂಕ ಎಂದು ಮಕ್ಕಳ ಮಾತಿನಲ್ಲೇ ಬರೆದೆವು. ಉದಾಹರಣೆಗೆ ಎರಡನೆಯ ಅಂಶ: ಮುಟ್ಟುವುದು ಒಂದು ಸಲ, ಕೂಗುವುದು ಇನ್ನೊಂದು ಸಲ ಆದರೆ 1, ನಿಂತು ಕೊಟ್ಟಾಗ ಸರಿ, ಓಡುತ್ತ ಕೊಟ್ಟಾಗ ತಪ್ಪಿದರೆ 2, ಓಡುತ್ತಲೂ ಹೆಚ್ಚಿನ ಸಲ ಸರಿಯಾದರೆ 3, ಸುಸ್ತಾದಾಗಲೂ ತಪ್ಪದಿದ್ದರೆ 4. ಇದನ್ನು ಡ್ರಾಯಿಂಗ್ ಹಾಳೆಯಲ್ಲಿ ದೊಡ್ಡದಾಗಿ ಬರೆದು ಸಿಬ್ಬಂದಿ ಕೊಠಡಿಯ ಹೊರಗೋಡೆಗೆ ಅಂಟಿಸಿದೆವು. ಒಂದೇ ದಿನದಲ್ಲಿ ಮಕ್ಕಳ ಮಾತು ಬದಲಾಯಿತು. "ಮಿಸ್, ನಾನು ಸೆಲೆಕ್ಟ್ ಆಗ್ತೀನಾ?" ಎಂದು ಕೇಳುತ್ತಿದ್ದವರು "ಮಿಸ್, ಕಂಬದಲ್ಲಿ ನಂದು ಎರಡಾ, ಮೂರಾ?" ಎಂದು ಕೇಳತೊಡಗಿದರು. ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯದಕ್ಕೆ ಏನು ಅಭ್ಯಾಸ ಮಾಡಬೇಕೆಂದು ಹೇಳಬಹುದಿತ್ತು.

ಅಭ್ಯಾಸದ ಹಂತಗಳು

ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮುಕ್ಕಾಲು ಗಂಟೆ, ವಾರಕ್ಕೆರಡು ಆಟದ ಅವಧಿ. ನಮಗೆ ಸಿಕ್ಕ ಸಮಯ ಇಷ್ಟೇ. ಪ್ರತಿ ದಿನವನ್ನು ಪಾಠ ಯೋಜನೆಯ ಹಾಗೆಯೇ ಬರೆದೆ: ಇಂದಿನ ಒಂದು ಉದ್ದೇಶ, ಅದಕ್ಕೆ ಎರಡು ಚಟುವಟಿಕೆ, ಕೊನೆಗೆ ಐದು ನಿಮಿಷದ ಆಟ.

ಎದ್ದು ಓಡುವುದು: ಕೂರುವ ರೀತಿ ಮುಖ್ಯವಾಗಿ ಎರಡು. ಎರಡೂ ಪಾದ ಸಮವಾಗಿ ಇಟ್ಟು ಕೂರುವುದು ಒಂದು, ಒಂದು ಪಾದ ಹಿಂದೆ ಇಟ್ಟು ಓಟದ ಆರಂಭದ ಹಾಗೆ ಕೂರುವುದು ಇನ್ನೊಂದು. ಎರಡನ್ನೂ ಮಾಡಿಸಿ, ಯಾವುದರಲ್ಲಿ ಬೇಗ ಏಳಲು ಬರುತ್ತದೆಂದು ಮಕ್ಕಳೇ ನೋಡಿಕೊಳ್ಳಲಿ ಎಂದು ಬಿಟ್ಟೆ. ಜೋಡಿಯಾಗಿ, ಒಬ್ಬಳು ಖೋ ಕೊಡುವುದು, ಇನ್ನೊಬ್ಬಳು ಎದ್ದು ಐದು ಮೀಟರ್ ಓಡಿ ನಿಲ್ಲುವುದು. ಮೂರು ದಿನದಲ್ಲಿ ಮೊದಲೇ ಏಳುವ ಅಭ್ಯಾಸ ಬಹಳ ಮಟ್ಟಿಗೆ ಹೋಯಿತು.

ಖೋ ಕೊಡುವುದು: ಇದು ಮಳೆಯ ದಿನಗಳ ಪಾಠ. ಎರಡನೇ ವಾರ ಮೂರು ದಿನ ಮೈದಾನದಲ್ಲಿ ನೀರು ನಿಂತಿತು. ಜಾರುವ ನೆಲದಲ್ಲಿ ಓಡಿಸುವುದು ಬೇಡವೆಂದು ಶಾಲೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಎಂಟು ಚೌಕ ಬರೆದೆವು. ಓಟವಿಲ್ಲ, ನಡಿಗೆಯಲ್ಲೇ ಆಟ. ನಡೆಯುತ್ತ ಬಂದು, ಮುಟ್ಟಿ, ಕೂಗಿ, ಕೂರುವುದು. ನಿಧಾನವಾಗಿ ಮಾಡಿದಾಗ ಕೈ ಮತ್ತು ದನಿ ಹೊಂದದಿರುವುದು ಅವರಿಗೇ ಕಾಣಿಸಿತು. ಮಳೆ ಬಾರದಿದ್ದರೆ ಈ ನಡಿಗೆಯ ಅಭ್ಯಾಸ ನನಗೆ ಹೊಳೆಯುತ್ತಿರಲಿಲ್ಲ. ಬಿಸಿಲು ಬಂದ ಮೇಲೂ ಪ್ರತಿ ದಿನದ ಮೊದಲ ಐದು ನಿಮಿಷ ಅದನ್ನು ಉಳಿಸಿಕೊಂಡೆವು.

ಕಂಬ ತಿರುಗುವುದು: ಒಣ ನೆಲದಲ್ಲಿ ಮಾತ್ರ. ಕಂಬದ ಸುತ್ತ ಕಲ್ಲು ಆಯಿಸಿ, ಕಂಬಕ್ಕೆ ಮರದ ಚಕ್ಕೆ ಎದ್ದಿದ್ದ ಕಡೆ ಉಜ್ಜಿಸಿದೆ. ನೆಲಕ್ಕೆ ಬಿದ್ದು ಮುಟ್ಟುವ ಡೈವ್ ಕಲಿಸಲಿಲ್ಲ. ಅದಕ್ಕೆ ಬೇಕಾದ ಮೆತ್ತನೆಯ ನೆಲ ನಮ್ಮಲ್ಲಿರಲಿಲ್ಲ, ಸುರಕ್ಷಿತವಾಗಿ ಬೀಳುವುದನ್ನು ಕಲಿಸುವ ತರಬೇತಿ ನನಗೂ ಇರಲಿಲ್ಲ.

ತಪ್ಪಿಸಿಕೊಳ್ಳುವುದು: ಚೈನ್ ಓಟಕ್ಕೆ ಮೊದಲು ಕುಳಿತವರ ಜಾಗದಲ್ಲಿ ಶಾಲಾ ಚೀಲಗಳನ್ನಿಟ್ಟು ಓಡಿಸಿದೆ. ಕಾಲು ಚೀಲಕ್ಕೆ ತಾಗಿದರೆ ಮತ್ತೆ ಮೊದಲಿನಿಂದ. ಆಮೇಲೆ ಚೀಲಗಳ ಜಾಗದಲ್ಲಿ ಮಕ್ಕಳು ಕುಳಿತರು.

ತೀರ್ಮಾನ: ಇದನ್ನು ಹೇಗೆ ಕಲಿಸುವುದೆಂದು ನನಗೆ ಗೊತ್ತಿರಲಿಲ್ಲ. 15ನೇ ನಂಬರಿನವಳು ಗೆರೆಯ ಪಕ್ಕ ನಿಂತು ಮಾಡುತ್ತಿದ್ದುದನ್ನೇ ಚಟುವಟಿಕೆ ಮಾಡಿದೆ. ಆಟದ ನಡುವೆ ಶಿಳ್ಳೆ ಹೊಡೆದಾಗ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಹೊರಗಿರುವವರು "ಈಗ ಖೋ ಯಾರಿಗೆ? ಯಾಕೆ?" ಎಂಬುದಕ್ಕೆ ಉತ್ತರ ಹೇಳಬೇಕು. ಮೊದಲ ದಿನ ಎಲ್ಲರೂ "ಹತ್ತಿರ ಇರೋಳಿಗೆ" ಎಂದರು. ಕೊನೆಯ ವಾರದಲ್ಲಿ "ಅವ್ಳು ಆ ಕಡೆ ಹೋಗ್ತಾಳೆ ಮಿಸ್, ಅದಕ್ಕೆ ಆ ಕಡೆ ಮುಖ ಇರೋ ಮುಂದಿನವ್ಳಿಗೆ" ಎನ್ನುವವರು ಹತ್ತಕ್ಕೂ ಹೆಚ್ಚು ಮಂದಿ ಇದ್ದರು.

ಸುಮ್ಮನೆ ನೋಡುತ್ತ ನಿಲ್ಲುವವರು ಯಾರೂ ಇರಬಾರದೆಂದು ಆಡದವರಿಗೆ ಎಣಿಕೆಯ ಹಾಳೆ ಕೊಟ್ಟೆವು. ಒಬ್ಬಳು ಖೋ ಎಣಿಸಬೇಕು, ಒಬ್ಬಳು ಫೌಲ್, ಒಬ್ಬಳು ಪ್ರತಿ ಓಟಗಾರ್ತಿ ನಿಂತ ಸಮಯ. ಹದಿನೈದನೇ ದಿನದ ಐದು ನಿಮಿಷದ ಆಟದಲ್ಲಿ ಔಟಾದವರು ಐವರು, ಫೌಲ್ ಮೂರು.

ಅಭ್ಯಾಸದ ಸುತ್ತಮುತ್ತ

ಆಟದ ಹೊರಗಿನ ಕೆಲವು ವಿಷಯಗಳನ್ನು ಯಾವ ಪಾಠ ಯೋಜನೆಯಲ್ಲೂ ನಾನು ಬರೆದಿರಲಿಲ್ಲ. ಬೆಳಿಗ್ಗೆ ಬರುವ ಹುಡುಗಿಯರಲ್ಲಿ ಆರೇಳು ಮಂದಿ ಏನೂ ತಿನ್ನದೆ ಬರುತ್ತಿದ್ದರು. ಒಬ್ಬಳು ತಲೆ ಸುತ್ತಿ ಕುಳಿತ ಮೇಲೆ ಇದು ತಿಳಿಯಿತು. ಶಾಲೆಯ ಹಾಲನ್ನು ಅಭ್ಯಾಸ ಮುಗಿದ ತಕ್ಷಣ ಕೊಡುವಂತೆ ಅಡುಗೆ ಅಕ್ಕನನ್ನು ಕೇಳಿಕೊಂಡೆವು. ಮನೆಯಿಂದ ಒಂದು ರೊಟ್ಟಿಯನ್ನೋ ಬಾಳೆಹಣ್ಣನ್ನೋ ತಿಂದೇ ಬರಬೇಕೆಂದು ನಿಯಮ ಮಾಡಿದೆವು. ಮುಟ್ಟಿನ ದಿನಗಳಲ್ಲಿ ಕಾರಣ ಹೇಳದೆ ಎಣಿಕೆಯ ಹಾಳೆ ತೆಗೆದುಕೊಳ್ಳಬಹುದು, ಅದರಿಂದ ಅಂಕ ಕಡಿಮೆಯಾಗುವುದಿಲ್ಲ ಎಂದು ಮೊದಲೇ ಹೇಳಿದೆ. ಹತ್ತನೇ ತರಗತಿಯ ಇಬ್ಬರ ಮನೆಯವರು ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಆಟ ಬೇಡವೆಂದಿದ್ದರು. ಮುಖ್ಯ ಶಿಕ್ಷಕರೇ ಮಾತನಾಡಿ ಒಪ್ಪಿಸಿದರು.

ಒಂದು ಅವಧಿಯಲ್ಲಿ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಬಗ್ಗೆ ಹೇಳಿದೆ. ಪುರುಷರ ಮತ್ತು ಮಹಿಳೆಯರ ಎರಡೂ ವಿಭಾಗದಲ್ಲಿ ಭಾರತ ಗೆದ್ದಿತು, ಎರಡೂ ಫೈನಲ್‌ನಲ್ಲಿ ಎದುರಾಳಿ ನೇಪಾಳ. ಮಹಿಳೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ, ಪುರುಷರ ತಂಡದಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು. ಸಿನಿಮಾದವರ ಹೆಸರಿನಷ್ಟು ಈ ಹೆಸರುಗಳು ಮಕ್ಕಳಿಗೆ ಪರಿಚಿತವಿರಲಿಲ್ಲ. "ಹಳ್ಳಿಯವರಾ ಮಿಸ್?" ಎಂಬ ಒಂದೇ ಪ್ರಶ್ನೆಯನ್ನು ಮೂರು ಜನ ಕೇಳಿದರು.

ಆಯ್ಕೆಯ ಎರಡು ದಿನ

ಆಯ್ಕೆಯನ್ನು ಒಂದೇ ದಿನಕ್ಕೆ ಮುಗಿಸಲಿಲ್ಲ. ಯಾರಿಗೋ ಅಂದು ಜ್ವರವಿರಬಹುದು, ಯಾರೋ ಹೆದರಿರಬಹುದು. ಎರಡು ದಿನ, ತಂಡಗಳನ್ನು ಬದಲಿಸಿ ಬದಲಿಸಿ ಆಡಿಸಿದೆವು. ನಾನು ಮತ್ತು ಪ್ರಭಾರ ಮೇಷ್ಟ್ರು ಬೇರೆ ಬೇರೆ ಕುಳಿತು, ಒಬ್ಬರ ಹಾಳೆ ಒಬ್ಬರು ನೋಡದೆ ಅಂಕ ಹಾಕಿದೆವು. ಒಬ್ಬಳಿಗೆ ನಾಲ್ಕು ಹಾಳೆ, ಒಟ್ಟು 80 ಅಂಕ.

ಮೊದಲ ದಿನದ ಹಾಳೆಗಳನ್ನು ಸಂಜೆ ಹೋಲಿಸಿದಾಗ ಹೆಚ್ಚಿನವರ ಅಂಕ ಹತ್ತಿರ ಹತ್ತಿರವಿತ್ತು. 7ನೇ ನಂಬರಿನವಳ ನಾಲ್ಕನೆಯ ಅಂಶಕ್ಕೆ ಮಾತ್ರ ನಾನು 4 ಹಾಕಿದ್ದೆ, ಮೇಷ್ಟ್ರು 2 ಹಾಕಿದ್ದರು. ಅವಳು ಬಹಳ ವೇಗವಾಗಿ, ನೋಡಲು ಚೆಂದವಾಗಿ ಓಡುತ್ತಾಳೆ. ಮೇಷ್ಟ್ರು ಎಣಿಕೆಯ ಹಾಳೆ ತೋರಿಸಿದರು: ಎರಡು ಸಲವೂ ಅವಳು ಒಂದು ನಿಮಿಷದೊಳಗೆ ಔಟಾಗಿದ್ದಳು. "ನೀವು ಓಟಕ್ಕೆ ಹಾಕಿದ್ದೀರಿ ಮೇಡಂ, ನಾನು ನಿಂತಿದ್ದಕ್ಕೆ ಹಾಕಿದೀನಿ" ಎಂದರು. ಮೊದಲ ವಾರದ ತಪ್ಪನ್ನೇ ಬೇರೆ ರೂಪದಲ್ಲಿ ಮತ್ತೆ ಮಾಡಿದ್ದೆ. ಮಟ್ಟಗಳ ವಿವರವನ್ನು ಮತ್ತೊಮ್ಮೆ ಒಟ್ಟಿಗೆ ಓದಿ ಎರಡನೇ ದಿನ ಕುಳಿತೆವು. ಇಬ್ಬರು ಅವಲೋಕಕರು ಬೇಕು ಎಂಬುದು ಪುಸ್ತಕದಲ್ಲಿ ವಿಶ್ವಸನೀಯತೆಯ ಮಾತಾಗಿ ಬರುತ್ತದೆ. ನನ್ನ ಕಣ್ಣು ಯಾವ ಕಡೆಗೆ ವಾಲುತ್ತದೆಂದು ನನಗೆ ಗೊತ್ತಾದದ್ದು ಅಂದು ಆ ಎರಡು ಹಾಳೆಗಳಿಂದ.

ಹದಿಮೂರನೆಯವಳು

ಒಟ್ಟು ಅಂಕ ಕೂಡಿದಾಗ ಹನ್ನೆರಡನೇ ಸ್ಥಾನದವಳಿಗೆ 53. ಹದಿಮೂರನೆಯವಳಿಗೆ 51. ಹದಿಮೂರನೆಯವಳು 15ನೇ ನಂಬರಿನ ಹುಡುಗಿ.

ಖೋ ಕೊಡುವುದು ಮತ್ತು ತೀರ್ಮಾನದಲ್ಲಿ ಅವಳಿಗೆ ಎಲ್ಲರಿಗಿಂತ ಹೆಚ್ಚು ಅಂಕವಿತ್ತು. ಹೋದದ್ದು ಎದ್ದು ಓಡುವುದರಲ್ಲಿ ಮತ್ತು ಕಂಬ ತಿರುಗುವುದರಲ್ಲಿ. ಎರಡೂ ದಿನದಿನದ ಅಭ್ಯಾಸದಿಂದಲೇ ಮೈಗೆ ಹತ್ತುವಂಥವು. ಅವಳಿಗೆ ಐದು ದಿನ ಅಭ್ಯಾಸವಿರಲಿಲ್ಲ. ಆ ಐದು ದಿನ ನಾನು ಅವಳ ಕೈಗೆ ಸುಣ್ಣದ ಬಕೆಟ್ ಕೊಟ್ಟಿದ್ದೆ. ಹನ್ನೆರಡನೆಯವಳು ಮೊದಲ ದಿನದ ಓಟದಲ್ಲಿ ಮುಂದೆ ಬಂದವಳು, ಐದೂ ದಿನ ಆಡಿದವಳು.

ನನ್ನ ಮೊದಲ ಯೋಚನೆ ಇಬ್ಬರನ್ನೂ ಅದಲುಬದಲು ಮಾಡುವುದಾಗಿತ್ತು. ಮೇಷ್ಟ್ರು ತಡೆದರು. ಗೋಡೆಯ ಮೇಲೆ ಬರೆದು ಅಂಟಿಸಿದ ನಿಯಮವನ್ನು ನಾವೇ ಮುರಿದರೆ 23 ಮಂದಿಯೂ ಅದನ್ನು ನೋಡುತ್ತಾರೆ, ಹನ್ನೆರಡನೆಯವಳು ಯಾವ ತಪ್ಪೂ ಮಾಡಿಲ್ಲ ಎಂದರು. ಅದು ಸರಿ. ವಾರದ ಭೇಟಿಗೆ ಬಂದ ನಮ್ಮ ಕಾಲೇಜಿನ ಮಾರ್ಗದರ್ಶಕ ಉಪನ್ಯಾಸಕರಿಗೂ ವಿಷಯ ಹೇಳಿದೆ. ಅವರು ಪಟ್ಟಿಯ ಬಗ್ಗೆ ಏನೂ ಹೇಳಲಿಲ್ಲ. "ಆ ಐದು ದಿನದ ನಷ್ಟ ಯಾರ ಲೆಕ್ಕಕ್ಕೆ ಹೋಯ್ತಮ್ಮ?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಪೂರ್ಣ ಉತ್ತರವಿಲ್ಲ. ಪಟ್ಟಿಯನ್ನು ಹಾಗೆಯೇ ಉಳಿಸಿದೆ.

ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವ ಮೊದಲು 23 ಮಂದಿಯನ್ನೂ ಒಬ್ಬೊಬ್ಬರಾಗಿ ಕರೆದು ಮಾತನಾಡಿದೆವು. ಪ್ರತಿಯೊಬ್ಬಳಿಗೂ ಒಂದು ಚೀಟಿ: ಯಾವುದು ಚೆನ್ನಾಗಿದೆ, ಯಾವುದನ್ನು ಅಭ್ಯಾಸ ಮಾಡಬೇಕು, ಅಂಕ ಎಷ್ಟು. ಆಯ್ಕೆಯಾದವರಿಗೂ ಅದೇ ಚೀಟಿ. 15ನೇ ನಂಬರಿನವಳು ಚೀಟಿ ಓದಿ ಕೇಳಿದಳು:

"ಮಿಸ್, ಮೊದ್ಲಿಂದ ಆಡಿದ್ರೆ ಬರ್ತಿದ್ನಾ?"

"ಬರ್ತಿದ್ದೆಯೋ ಏನೋ, ನಂಗೂ ಗೊತ್ತಿಲ್ಲ. ಆದ್ರೆ ಆ ಐದು ದಿನ ಹೋಗಿದ್ದು ನಿನ್ನಿಂದಲ್ಲ, ನನ್ನಿಂದ. ತಪ್ಪು ನಂದೇ."

ಅವಳು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, "ನಾಳೆ ಗೆರೆ ಹಾಕ್ಬೇಕಾ ಮಿಸ್?" ಎಂದಳು.

"ಗೆರೆ ಎಲ್ರೂ ಸೇರಿ ಹಾಕೋಣ. ನೀನು ಆಡೋಕೆ ಬಾ" ಎಂದೆ.

ಬಂದಳು. ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಕ್ರೀಡಾಕೂಟದವರೆಗೂ ಅಭ್ಯಾಸಕ್ಕೆ ಬಂದರು. ತಂಡಕ್ಕೆ ಎದುರಾಗಿ ಆಡಲು ಅವರು ಬೇಕೇ ಬೇಕಿತ್ತು. ಮೂವರು ಬರಲಿಲ್ಲ. ಅವರನ್ನು ಒತ್ತಾಯಿಸಲಿಲ್ಲ. ವಲಯ ಮಟ್ಟದಲ್ಲಿ ನಮ್ಮ ತಂಡ ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋತಿತು.

ಕಂಡುಕೊಂಡದ್ದು

ಇದೇ ಕೆಲಸ ಎದುರಾಗುವ ಪ್ರಶಿಕ್ಷಣಾರ್ಥಿಗಳಿಗಾಗಿ ಕೆಲವು ಮಾತು:

1. ತಂಡದ ಆಯ್ಕೆಯೂ ಮೌಲ್ಯಮಾಪನವೇ. ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಮಾಡುವ ಹಾಗೆ, ಆಟದಲ್ಲಿ ಯಾವ ಯಾವ ಕೌಶಲ ಬೇಕೆಂದು ಮೊದಲು ಬರೆದುಕೊಳ್ಳಿ. ಆಮೇಲೆ ಪರೀಕ್ಷೆ ಇಡಿ.
2. ಮೊದಲ ದಿನ ಯಾರನ್ನೂ ಬೇರ್ಪಡಿಸಬೇಡಿ. ಅಂದು ಬೇರೆಯಾದವರಿಗೆ ಅಭ್ಯಾಸ ಸಿಗುವುದಿಲ್ಲ. ಅಭ್ಯಾಸ ಸಿಗದವರು ಕೊನೆಯಲ್ಲಿ ಹಿಂದೆ ಬೀಳುತ್ತಾರೆ. ಆಗ ನಮ್ಮ ಮೊದಲ ದಿನದ ತೀರ್ಮಾನ ಸರಿಯಾಗಿತ್ತೆಂದು ನಮಗೇ ಅನಿಸಿಬಿಡುತ್ತದೆ.
3. "ಹಿಂದೆ ಆಡಿದ್ದೀಯಾ?" ಎಂದು ಪ್ರತಿಯೊಬ್ಬರನ್ನೂ ಕೇಳಿ. ವಿಜ್ಞಾನದ ಘಟಕ ಶುರು ಮಾಡುವಾಗ ಪೂರ್ವಜ್ಞಾನ ಪರೀಕ್ಷೆ ಮಾಡುತ್ತೇವೆ. ಮೈದಾನದಲ್ಲಿ ನಾನು ಅದನ್ನು ಮಾಡಲಿಲ್ಲ.
4. ಅಂಕದ ಮಟ್ಟಗಳನ್ನು ಮಕ್ಕಳಿಗೆ ಕಾಣುವ ಕಡೆ, ಅವರ ಮಾತಿನಲ್ಲಿ ಬರೆದು ಹಾಕಿ.
5. ಇಬ್ಬರು ನೋಡಿ, ಎರಡು ದಿನ ನೋಡಿ. ಇನ್ನೊಬ್ಬ ಶಿಕ್ಷಕರು ಸಿಗದಿದ್ದರೆ ಮಕ್ಕಳ ಎಣಿಕೆಯ ಹಾಳೆಗಳೂ ಸಾಕ್ಷಿಯಾಗುತ್ತವೆ.
6. ಆಯ್ಕೆಯಾಗದವರಿಗೆ ನೋಟಿಸ್ ಬೋರ್ಡಿನಿಂದ ವಿಷಯ ತಿಳಿಯಬಾರದು. ನಮ್ಮಿಂದ ತಪ್ಪಾಗಿದ್ದರೆ ಆ ಮಾತನ್ನೂ ಅಲ್ಲಿಯೇ ಹೇಳಬೇಕು.
7. ನಮಗೆ ಕಲಿಸಲು ಬಾರದ ಅಪಾಯದ ಕೌಶಲಗಳನ್ನು ಬಿಟ್ಟುಬಿಡಿ.

ಮೇಲ್ವಿಚಾರಣೆ ಮಾಡುವ ಉಪನ್ಯಾಸಕರಲ್ಲೂ ಒಂದು ಕೋರಿಕೆಯಿದೆ. ಇಂಟರ್ನ್‌ಶಿಪ್‌ನಲ್ಲಿ ನಮ್ಮಂಥವರಿಗೆ ಆಟ, ಪ್ರತಿಭಾ ಕಾರಂಜಿ, ರಸಪ್ರಶ್ನೆ ಹೀಗೆ ಮಕ್ಕಳನ್ನು ಆರಿಸುವ ಕೆಲಸ ಪದೇ ಪದೇ ಬರುತ್ತದೆ. ಅದಕ್ಕೂ ಒಂದು ಯೋಜನೆ ಬರೆಸಿ, ಅದನ್ನೂ ಅವಲೋಕಿಸಿದರೆ ಚೆನ್ನ.

ಶಾಲೆಯಿಂದ ಬಿಡುಗಡೆಯಾಗುವ ದಿನ ಅವಲೋಕನ ಪಟ್ಟಿ, 23 ಮಂದಿಯ ಅಂಕದ ಹಾಳೆಗಳು ಮತ್ತು ದಿನದಿನದ ಯೋಜನೆಯ ಪುಸ್ತಕವನ್ನು ಪ್ರಭಾರ ಮೇಷ್ಟ್ರಿಗೆ ಒಪ್ಪಿಸಿದೆ. 15ನೇ ನಂಬರಿನ ಹಾಳೆಯ ಕೆಳಗೆ, ಮುಂದಿನ ವರ್ಷ ಇವಳಿಗೆ ಮೊದಲ ದಿನದಿಂದಲೇ ಅಭ್ಯಾಸ ಸಿಗಬೇಕು ಎಂದು ಬರೆದು, ಕಾರಣವನ್ನೂ ಬರೆದು, ಸಹಿ ಹಾಕಿದ್ದೇನೆ.